ಜೇನುಗೂಡು ರಿಯಾಕ್ಟರಿನೊಳಗೆ ಬಿಸಿಯ ಹಾದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕೆಮಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಜೇನುಗೂಡು ಮೊನೊಲಿತ್ (ಉದ್ದಕ್ಕೂ ಸಾವಿರಾರು ಸಣ್ಣ ಸಮಾಂತರ ನಾಳಗಳಿರುವ ಒಂದೇ ಗಟ್ಟಿ ತುಂಡು) ರಿಯಾಕ್ಟರಿನಲ್ಲಿ ಉಷ್ಣ ವರ್ಗಾವಣೆಯ ಗಣಿತ ಮಾದರಿ ನನ್ನ ಪ್ರಾಜೆಕ್ಟಿನ ವಿಷಯ. ಸಾವಿರಾರು ನಾಳಗಳ ಬದಲು ಒಂದೇ ನಾಳವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕೇ? ಅನಿಲಕ್ಕೂ ಗೋಡೆಗೂ ಬೇರೆ ಬೇರೆ ತಾಪಮಾನ ಇಟ್ಟುಕೊಳ್ಳಲೇಬೇಕೇ? ಅನಿಲಕ್ಕೂ ಗೋಡೆಗೂ ನಡುವೆ ಬಿಸಿ ಎಷ್ಟು ಸಲೀಸಾಗಿ ದಾಟುತ್ತದೆಂದು ಹೇಳುವ ನುಸೆಲ್ಟ್ ಸಂಖ್ಯೆಯನ್ನು ಚೌಕ ನಾಳಕ್ಕೆ ಒಂದು ಕಡೆ 2.98 ಎಂದೂ ಇನ್ನೊಂದು ಕಡೆ 3.61 ಎಂದೂ ಕೊಟ್ಟಿದ್ದಾರೆ. ಯಾವುದನ್ನು ಬಳಸಲಿ?
(ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಮೂರು ಪ್ರಶ್ನೆಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಆದ್ದರಿಂದ ಸಮೀಕರಣಗಳಿಗಿಂತ ಮೊದಲು ವಸ್ತುವಿನ ಅಳತೆಗಳನ್ನು ಮುಂದಿಟ್ಟುಕೊಳ್ಳೋಣ. ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ರಾಡ್ನಿ ಬ್ಯಾಗ್ಲಿ, ಇರ್ವಿನ್ ಲ್ಯಾಕ್‌ಮನ್ ಮತ್ತು ರೊನಾಲ್ಡ್ ಲೂಯಿಸ್ ಅವರು 1970ರ ದಶಕದ ಆರಂಭದಲ್ಲಿ ರೂಪಿಸಿದ, ಕಾರ್ಡಿಯರೈಟ್ ಎಂಬ ಪಿಂಗಾಣಿಯ ಹದವಾದ ಕಣಕವನ್ನು ಅಚ್ಚಿನ ಮೂಲಕ ಒತ್ತಿ ತೆಗೆದು ಸುಟ್ಟ ಜೇನುಗೂಡು ಈ ಬಗೆಯ ರಿಯಾಕ್ಟರುಗಳಲ್ಲಿ ಅತ್ಯಂತ ಪರಿಚಿತವಾದದ್ದು. ಕಾರಿನ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಇರುವುದು ಅದೇ. ಚದರ ಇಂಚಿಗೆ 400 ನಾಳಗಳಿರುವ, ಗೋಡೆಯ ದಪ್ಪ 0.165 ಮಿಲಿಮೀಟರ್ ಇರುವ ಮಾದರಿಯನ್ನು ತೆಗೆದುಕೊಂಡರೆ, ಒಂದು ನಾಳದ ನಡುವಿನಿಂದ ಪಕ್ಕದ ನಾಳದ ನಡುವಿಗೆ 1.27 ಮಿಲಿಮೀಟರ್, ನಾಳದ ಬಾಯಿ ಸುಮಾರು 1.1 ಮಿಲಿಮೀಟರ್, ಅಡ್ಡಕೊಯ್ತದಲ್ಲಿ ಶೇ. 76ರಷ್ಟು ತೆರವು, ಮತ್ತು ಒಂದು ಘನ ಮೀಟರ್ ಮೊನೊಲಿತ್‌ಗೆ ಸುಮಾರು 2,700 ಚದರ ಮೀಟರ್ ಗೋಡೆಯ ಮೇಲ್ಮೈ ದೊರೆಯುತ್ತದೆ. ಇವೆಲ್ಲವನ್ನೂ ನೀವೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಹಾಗೆ ನೋಡಿದ ಮೇಲೆಯೇ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಬೇಕೆಂಬುದು ನನ್ನ ಆಗ್ರಹಪೂರ್ವಕ ಸಲಹೆ.

ಇನ್ನು 400 ಡಿಗ್ರಿ ಸೆಲ್ಸಿಯಸ್‌ನ ಅನಿಲ ಈ ನಾಳದಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದುಕೊಳ್ಳಿ. ಹರಿವಿನಲ್ಲಿ ಸುಳಿಗಳು ಏಳುತ್ತವೆಯೇ ಎಂದು ತಿಳಿಸುವ ರೆನಾಲ್ಡ್ಸ್ ಸಂಖ್ಯೆ ಸುಮಾರು 90 ಬರುತ್ತದೆ, ಅಂದರೆ ಹರಿವು ಯಾವ ಸುಳಿಯೂ ಇಲ್ಲದ, ಶುದ್ಧ ಪದರೀಯ ಹರಿವು. ಉಷ್ಣದ ದೃಷ್ಟಿಯಿಂದ ಪ್ರವೇಶ ಭಾಗ ಮೂರು, ನಾಲ್ಕು ಮಿಲಿಮೀಟರಿನಲ್ಲೇ ಮುಗಿದುಹೋಗುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಮೊನೊಲಿತ್‌ನಲ್ಲಿ ಉಳಿದ ಭಾಗವೆಲ್ಲ ಪೂರ್ಣವಾಗಿ ಬೆಳೆದ, ಅಂದರೆ ಸ್ವರೂಪ ಮುಂದೆ ಬದಲಾಗದ ಹರಿವೇ. ಅನಿಲದ ಉಷ್ಣವಾಹಕತೆ ಮೀಟರ್‌ಗೆ, ಡಿಗ್ರಿಗೆ 0.05 ವಾಟ್ ಎಂದಿಟ್ಟುಕೊಂಡು, ನುಸೆಲ್ಟ್ ಸಂಖ್ಯೆ 3 ಎಂದು ಹಿಡಿದರೆ, ಅನಿಲದಿಂದ ಗೋಡೆಗೆ ಉಷ್ಣ ವರ್ಗಾವಣೆಯ ಗುಣಾಂಕ ಚದರ ಮೀಟರಿಗೆ, ಡಿಗ್ರಿಗೆ ಸುಮಾರು 136 ವಾಟ್. ಇದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಆದರೆ ಅದನ್ನು ಆ ವಿಪುಲವಾದ ಮೇಲ್ಮೈಯಿಂದ ಗುಣಿಸಿದಾಗ ಸಿಗುವ ಫಲ ಎಷ್ಟು ದೊಡ್ಡದೆಂದರೆ, ಅನಿಲವು ಗೋಡೆಯ ತಾಪಮಾನಕ್ಕೆ ಹೊಂದಿಕೊಳ್ಳಲು ಬೇಕಾಗುವ ವಿಶಿಷ್ಟ ದೂರ ಬರೀ 6 ಮಿಲಿಮೀಟರ್. ಅಷ್ಟು ದೂರ ಹೋಗುವಷ್ಟರಲ್ಲಿ ಆರಂಭದ ವ್ಯತ್ಯಾಸದ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದಿರುತ್ತದೆ, ಮತ್ತೆ 6 ಮಿಲಿಮೀಟರ್ ಹೋದರೆ ಅದರಲ್ಲಿಯೂ ಅಷ್ಟೇ ಭಾಗ.

ಹೀಗಿರುವಾಗ ಒಂದೇ ತಾಪಮಾನ ಸಾಕಲ್ಲವೇ ಎಂದು ನಿಮ್ಮ ಮಾರ್ಗದರ್ಶಕರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಕ್ರಿಯೆ ನಿಧಾನವಾಗಿರುವ, ಸ್ಥಿರ ಸ್ಥಿತಿಯಲ್ಲಿರುವ ರಿಯಾಕ್ಟರಿನ ನಡುಭಾಗಕ್ಕೆ ಸಾಕು. ಆದರೆ ಕ್ರಿಯೆ ನಡೆಯುವುದು ಗೋಡೆಗೆ ಬಳಿದ ಕ್ರಿಯಾವರ್ಧಕದ ಲೇಪದಲ್ಲೇ ಹೊರತು ಅನಿಲದಲ್ಲಲ್ಲ. ಬಿಸಿ ಹುಟ್ಟುವುದೂ ಅಲ್ಲಿಯೇ. ಕ್ರಿಯೆ ತೀವ್ರವಾದಾಗ, ಅದರಲ್ಲೂ ಮೊನೊಲಿತ್‌ನ ಮುಂಭಾಗದ ಮೊದಲ ಒಂದೆರಡು ಸೆಂಟಿಮೀಟರಿನಲ್ಲಿ, ತಣ್ಣನೆಯ ಅನಿಲ ಸುಡುವ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತಿರುತ್ತದೆ. ಕ್ರಿಯಾದರವು ತಾಪಮಾನದೊಂದಿಗೆ ಘಾತೀಯವಾಗಿ ಏರುವುದರಿಂದ, ಅಲ್ಲಿ ಎರಡನ್ನೂ ಒಂದೇ ತಾಪಮಾನದಲ್ಲಿ ಕಟ್ಟಿಹಾಕಿದ ಮಾದರಿಯು ಕ್ರಿಯೆ ಹೊತ್ತಿಕೊಳ್ಳುವ ಜಾಗವನ್ನೇ ತಪ್ಪಾಗಿ ತೋರಿಸುತ್ತದೆ. ಆದ್ದರಿಂದ ಎರಡು ತಾಪಮಾನಗಳ ಮಾದರಿಯನ್ನೇ ಬರೆಯಿರಿ: ಅನಿಲಕ್ಕೊಂದು ಉಷ್ಣ ಸಮತೋಲನ, ಗೋಡೆಗೊಂದು ಉಷ್ಣ ಸಮತೋಲನ, ಎರಡರ ನಡುವೆ ವರ್ಗಾವಣೆಯ ಪದ. ಹೆಚ್ಚಾಗುವ ಶ್ರಮ ಅಲ್ಪ.

ಒಂದು ವಿಚಾರವನ್ನು ಇಲ್ಲಿ ವಿಶೇಷವಾಗಿ ಹೇಳಲೇಬೇಕು. ಕಾರ್ಬನ್ ಮೊನಾಕ್ಸೈಡಿನಂಥ ಅನಿಲ ಗೋಡೆಯಲ್ಲಿ ಅತಿ ವೇಗವಾಗಿ ಉರಿಯುವಾಗ, ಅದು ಗೋಡೆಯತ್ತ ವಿಸರಣವಾಗಿ ಬರುವ ವೇಗವೂ ಬಿಸಿಯು ಗೋಡೆಯಿಂದ ಹಿಂದಿರುಗುವ ವೇಗವೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಆದ್ದರಿಂದ ಗೋಡೆಯ ತಾಪಮಾನ, ಹೊರಗೆ ಬಿಸಿ ಸೋರದಂತೆ ಇಡೀ ಅನಿಲ ಉರಿದರೆ ತಲುಪಬಹುದಾದ ಮಿತಿಯ ಆಸುಪಾಸಿನಲ್ಲಿ ನಿಲ್ಲುತ್ತದೆ; ಗಾಳಿಯಲ್ಲಿ ಶೇ. 1ರಷ್ಟು ಕಾರ್ಬನ್ ಮೊನಾಕ್ಸೈಡ್ ಇದ್ದರೆ ಆ ಏರಿಕೆ ಸುಮಾರು 90 ಡಿಗ್ರಿ. ಹೈಡ್ರೋಜನ್ ಹಾಗಲ್ಲ. ಅದು ಗೋಡೆಗೆ ಬಂದು ಸೇರುವ ವೇಗ ಬಿಸಿ ಹಿಂದಿರುಗುವ ವೇಗಕ್ಕಿಂತ ಬಹಳ ಹೆಚ್ಚು; ಹೀಗಾಗಿ ಪ್ರವೇಶದ ಬಳಿ ಗೋಡೆ ಆ ಮಿತಿಯನ್ನೂ ಮೀರಿ ಬಿಸಿಯಾಗಬಲ್ಲದು. ಒಂದೇ ತಾಪಮಾನದ ಮಾದರಿಗೆ ಈ ಅಪಾಯ ಕಾಣಿಸುವುದೇ ಇಲ್ಲ. ಹೈಡ್ರೋಜನ್ ಉರಿಸುವ ಮೊನೊಲಿತ್ ವಿನ್ಯಾಸ ಮಾಡುವವರಿಗೆ ಇದಕ್ಕಿಂತ ಗಂಭೀರವಾದ ಕಾರಣ ಬೇರೆ ಬೇಡ.

ನುಸೆಲ್ಟ್ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ. ಪದರೀಯ ಹರಿವಿರುವ ಕೊಳವೆಯಲ್ಲಿ ಬಿಸಿಯ ಲೆಕ್ಕವನ್ನು ಜರ್ಮನಿಯ ಲಿಯೋ ಗ್ರೇಟ್ಜ್ 1880ರ ದಶಕದಲ್ಲೇ ಬಿಡಿಸಿದ್ದರು. ಚೌಕ ನಾಳಕ್ಕೆ, ಗೋಡೆಯ ತಾಪಮಾನ ಉದ್ದಕ್ಕೂ ಒಂದೇ ಆಗಿದ್ದರೆ 2.98, ಗೋಡೆಯಿಂದ ಉದ್ದಕ್ಕೂ ಒಂದೇ ಪ್ರಮಾಣದ ಬಿಸಿ ಹೊಮ್ಮುತ್ತಿದ್ದರೆ 3.61. ದುಂಡು ನಾಳಕ್ಕೆ ಇವೇ 3.66 ಮತ್ತು 4.36. ಕ್ರಿಯೆ ನಿಧಾನವಾಗಿರುವಾಗ ನಾಳದ ಸ್ಥಿತಿ ಎರಡನೆಯದಕ್ಕೆ ಹತ್ತಿರ. ಹೊತ್ತಿಕೊಂಡ ಮೇಲೆ ಮೊದಲನೆಯದಕ್ಕೆ ಹತ್ತಿರ. ಜೊತೆಗೆ ಲೇಪವು ಮೂಲೆಗಳಲ್ಲಿ ದಪ್ಪಗೆ ಕೂಡುವುದರಿಂದ ಚೌಕದ ಬಾಯಿ ದುಂಡಾಗುತ್ತ ಹೋಗುತ್ತದೆ. ಅಂದಮೇಲೆ 3ರಿಂದ 4ರವರೆಗಿನ ಯಾವ ಸಂಖ್ಯೆಯನ್ನಾದರೂ ಕಾರಣ ಕೊಟ್ಟು ಬಳಸಬಹುದು, ಮತ್ತು ಎರಡು ಕೊನೆಗಳನ್ನೂ ಬಳಸಿ ಫಲಿತಾಂಶ ಎಷ್ಟು ಬದಲಾಗುತ್ತದೆಂದು ವರದಿಯಲ್ಲಿ ತೋರಿಸಬೇಕು. ಬಹುಪಾಲು ಲೆಕ್ಕಗಳಲ್ಲಿ ಅದು ಸ್ವಲ್ಪವೇ ಬದಲಾಗುವುದನ್ನು ಕಾಣುವಿರಿ. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಈ ಸಂಖ್ಯೆಯ ಹಿಂದೆ ಬಿದ್ದು, ಅದಕ್ಕಿಂತ ಹತ್ತು ಪಟ್ಟು ಮುಖ್ಯವಾದ ಪದಗಳನ್ನು ಕೈಬಿಡುವುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಅಂಥ ಪದಗಳಲ್ಲಿ ಮೊದಲನೆಯದು ಗೋಡೆಯ ಉದ್ದಕ್ಕೆ ನಡೆಯುವ ಉಷ್ಣವಹನ. ರಂಧ್ರಮಯವಾದ ಕಾರ್ಡಿಯರೈಟಿನ ವಾಹಕತೆ 1ರಿಂದ 2 ವಾಟ್‌ನಷ್ಟು; ಅಡ್ಡಕೊಯ್ತದಲ್ಲಿ ಗಟ್ಟಿ ಭಾಗ ಕಾಲು ಪಾಲಿಗಿಂತ ಕಡಿಮೆ; ಆದ್ದರಿಂದ ಉದ್ದಕ್ಕೆ ಸಿಗುವ ಒಟ್ಟು ವಾಹಕತೆ 0.36 ವಾಟ್‌ನ ಸುತ್ತಮುತ್ತ. ಇಷ್ಟು ಸಣ್ಣದನ್ನು ಬಿಟ್ಟುಬಿಡೋಣ ಎನಿಸುತ್ತದೆ. ಆದರೆ ಅನಿಲ ಬಿಸಿಯನ್ನು ಮುಂದಕ್ಕಷ್ಟೇ ಒಯ್ಯಬಲ್ಲದು, ಹಿಂದಕ್ಕೆ ತರಬಲ್ಲದ್ದು ಗೋಡೆ. ಕ್ರಿಯೆ ಮೊನೊಲಿತ್‌ನ ಹಿಂಭಾಗದಲ್ಲಿ ಹೊತ್ತಿಕೊಂಡು ನಿಧಾನವಾಗಿ ಮುಂಭಾಗಕ್ಕೆ ತೆವಳಿ ಬರುವ ವಿದ್ಯಮಾನ, ಈ ಪದವನ್ನು ಕೈಬಿಟ್ಟ ಮಾದರಿಯಲ್ಲಿ ಎಂದಿಗೂ ಕಾಣಿಸದು. ಕ್ರಿಯೆ ಹೊತ್ತಿಕೊಳ್ಳುವುದೇ ನಿಮ್ಮ ಪ್ರಾಜೆಕ್ಟಿನ ವಿಷಯವಾಗಿದ್ದರೆ ಈ ಪದ ಇರಲೇಬೇಕು; ಮುಂಭಾಗದಲ್ಲಿ ಲೆಕ್ಕದ ವಿಭಾಗಗಳನ್ನು ಅರ್ಧ ಮಿಲಿಮೀಟರಿನಷ್ಟು ಸಣ್ಣದಾಗಿ ಇಡಬೇಕು, ಏಕೆಂದರೆ 6 ಮಿಲಿಮೀಟರಿನಲ್ಲಿ ಮುಗಿದುಹೋಗುವ ಬದಲಾವಣೆಯನ್ನು 5 ಮಿಲಿಮೀಟರಿನ ವಿಭಾಗಗಳು ಹಿಡಿಯಲಾರವು.

ಕೊನೆಗೆ ಒಂದೇ ನಾಳ ಸಾಕೇ ಎಂಬ ಪ್ರಶ್ನೆ. ಎಲ್ಲ ನಾಳಗಳಿಗೂ ಒಂದೇ ವೇಗದಲ್ಲಿ, ಒಂದೇ ತಾಪಮಾನದಲ್ಲಿ ಅನಿಲ ಬರುತ್ತಿದ್ದು, ಹೊರಮೈಯಿಂದ ಬಿಸಿ ಸೋರದಿದ್ದರೆ ಸಾಕು. ಈ ಮೂರು ಷರತ್ತುಗಳಲ್ಲಿ ಒಂದು ಮುರಿದರೂ ಸಾಲದು.

ಪ್ರಶ್ನೆ: ನಮ್ಮದು ಕಾರು ದುರಸ್ತಿಯ ಗ್ಯಾರೇಜು. ಎಂಜಿನ್ ಚಾಲೂ ಮಾಡಿದ ಕೂಡಲೇ ಹೊಗೆ ತಪಾಸಣೆ ಮಾಡಬಾರದು, ಕನ್ವರ್ಟರ್ ಬಿಸಿಯಾಗಬೇಕು ಎನ್ನುತ್ತಾರೆ. ಅಷ್ಟು ಬಿಸಿ ಅನಿಲ ಹೋಗುತ್ತಿದ್ದರೂ ಅದಕ್ಕೆ ಏಕೆ ಸಮಯ ಬೇಕು? ಕೆಲವು ಕಾರುಗಳಲ್ಲಿ ಒಳಗಿನ ಜೇನುಗೂಡು ಕರಗಿ ಮುದ್ದೆಯಾಗಿರುವುದನ್ನೂ ನೋಡಿದ್ದೇವೆ.
(ಹುಬ್ಬಳ್ಳಿಯ ಓದುಗರು)

ಉತ್ತರ: ಅನಿಲ ಬಿಸಿಯಾಗಿದ್ದರೂ ಅದು ಬಹಳ ಹಗುರ, ಗೋಡೆ ಭಾರ. ಮೇಲೆ ಹೇಳಿದ ಮೊನೊಲಿತ್‌ನಲ್ಲೇ ಲೆಕ್ಕ ಹಾಕಿದರೆ, ನಾಳಗಳಲ್ಲಿ ತುಂಬಿರುವ ಅನಿಲವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಕ್ತಿಗಿಂತ ಅದರ ಸುತ್ತಲಿನ ಗೋಡೆಗಳನ್ನು ಒಂದು ಡಿಗ್ರಿ ಬಿಸಿ ಮಾಡಲು ಹತ್ತಿರ ಹತ್ತಿರ ಸಾವಿರ ಪಟ್ಟು ಶಕ್ತಿ ಬೇಕು. ಹೀಗಾಗಿ ಅನಿಲ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಿದ್ದರೂ ಬಿಸಿಯ ಅಲೆ ಗೋಡೆಯಲ್ಲಿ ಸೆಕೆಂಡಿಗೆ ಬರೀ 5 ಮಿಲಿಮೀಟರಿನಷ್ಟು ಮುನ್ನಡೆಯುತ್ತದೆ. ಹತ್ತು ಸೆಂಟಿಮೀಟರ್ ದಾಟಲು ಅನಿಲಕ್ಕೆ ಬೇಕಾದದ್ದು ಸೆಕೆಂಡಿನ ಐವತ್ತನೇ ಒಂದು ಭಾಗ. ಬಿಸಿಯ ಅಲೆಗೆ ಬೇಕಾದದ್ದು 20 ಸೆಕೆಂಡು. ಅದೂ ಅನಿಲ ಆರಂಭದಿಂದಲೇ ಬಿಸಿಯಾಗಿ ಬಂದರೆ. ನಿಜದಲ್ಲಿ ಎಂಜಿನ್ನಿನಿಂದ ಕನ್ವರ್ಟರಿನವರೆಗಿನ ಲೋಹದ ಕೊಳವೆಯೂ ಮೊದಲು ಬಿಸಿಯಾಗಬೇಕು. ಕ್ರಿಯಾವರ್ಧಕ ಕೆಲಸ ಆರಂಭಿಸುವುದು 250ರಿಂದ 300 ಡಿಗ್ರಿ ತಲುಪಿದ ಮೇಲೆ; ಅಲ್ಲಿಯವರೆಗೆ ಹೊಗೆ ಬಂದಂತೆಯೇ ಹೊರಗೆ ಹೋಗುತ್ತದೆ. ತಣ್ಣಗಿನ ಆರಂಭದ ಮಾಲಿನ್ಯವನ್ನು ತಗ್ಗಿಸಲೆಂದೇ ತಯಾರಕರು ಕನ್ವರ್ಟರನ್ನು ಎಂಜಿನ್ನಿಗೆ ಅಂಟಿಕೊಂಡಂತೆ ಕೂರಿಸತೊಡಗಿದರು, ಗೋಡೆಗಳನ್ನು ಮತ್ತಷ್ಟು ತೆಳುವಾಗಿಸಿದರು. ಜನರಲ್ ಮೋಟಾರ್ಸ್ ಸಂಶೋಧನಾಲಯದ ಓ ಮತ್ತು ಕ್ಯಾವೆಂಡಿಶ್ ಅವರು 1982ರಲ್ಲಿ ಪ್ರಕಟಿಸಿದ ಮಾದರಿ ಇದೇ ಏರಿಳಿತದ ಸಮಯವನ್ನು ಕುರಿತದ್ದು. ಇಂದಿನ ಹಲವು ಮಾದರಿಗಳು ಅದರ ಹಾದಿಯಲ್ಲೇ ಸಾಗಿವೆ.

ಕರಗುವ ವಿಚಾರ: ಕಾರ್ಡಿಯರೈಟ್ ಕರಗುವುದು ಸುಮಾರು 1,450 ಡಿಗ್ರಿಯಲ್ಲಿ. ಎಂಜಿನ್ನಿನಿಂದ ಬರುವ ಹೊಗೆಯ ಬಿಸಿಯೊಂದೇ ಅದನ್ನು ಅಲ್ಲಿಗೆ ಮುಟ್ಟಿಸಲಾರದು. ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತದೆ ಹಸಿ ಪೆಟ್ರೋಲೂ ಗಾಳಿಯೂ ಹಾಗೆಯೇ ಕನ್ವರ್ಟರಿಗೆ ಬಂದಾಗ ಆ ಇಂಧನ ಗೋಡೆಯ ಮೇಲೆಯೇ ಉರಿಯುತ್ತದೆ. ಜೇನುಗೂಡಿನ ಅಡ್ಡ ದಿಕ್ಕಿನಲ್ಲಿ ಪಿಂಗಾಣಿ ಬಿಸಿಯನ್ನು ಬಹಳ ಕಷ್ಟದಿಂದ ಒಯ್ಯುವುದರಿಂದ, ಆ ಬಿಸಿ ಹೊರಮೈಗೆ ತಲುಪಿ ಹೊರಹೋಗುವ ಮುನ್ನವೇ ನಡುಭಾಗ ಕರಗಿಬಿಡುತ್ತದೆ. ಆದ್ದರಿಂದ ಕರಗಿದ ಕನ್ವರ್ಟರನ್ನು ಬದಲಿಸುವ ಮೊದಲು ಸ್ಪಾರ್ಕ್ ಪ್ಲಗ್ಗು, ಇಗ್ನಿಷನ್ ಕಾಯಿಲುಗಳನ್ನು ತಪ್ಪದೆ ಪರೀಕ್ಷಿಸಿ. ಇಲ್ಲವಾದರೆ ಹೊಸದಕ್ಕೂ ಅದೇ ಗತಿ.

ಪ್ರಶ್ನೆ: ನಾನು ಗುಜರಾತಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಪ್ರೊಸೆಸ್ ಎಂಜಿನಿಯರ್. ನಮ್ಮಲ್ಲಿ ಬಹಿರುಷ್ಣಕ (ಬಿಸಿ ಹೊಮ್ಮಿಸುವ) ಕ್ರಿಯೆಯೊಂದಕ್ಕೆ 25 ಮಿಲಿಮೀಟರ್ ಒಳವ್ಯಾಸದ ಕೊಳವೆಗಳಲ್ಲಿ ಕ್ರಿಯಾವರ್ಧಕದ ಗುಳಿಗೆಗಳನ್ನು ತುಂಬಿದ್ದೇವೆ. ಕೊಳವೆಯ ನಡುವೆ ಅತಿ ಬಿಸಿಯ ಜಾಗಗಳು ಉಂಟಾಗುತ್ತವೆ. ಗುಳಿಗೆಗಳ ಬದಲು ಲೋಹದ ಜೇನುಗೂಡು ಹಾಕಿದರೆ ಪ್ರಯೋಜನವಿದೆಯೇ? ಅದನ್ನು ಲೆಕ್ಕ ಹಾಕುವುದು ಹೇಗೆ?
(ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗ ಓದುಗರು)

ಉತ್ತರ: ಪ್ರಯೋಜನ ಖಂಡಿತ ಇದೆ, ಆದರೆ ಅದು ಎಲ್ಲಿ ಕಳೆದುಹೋಗುತ್ತದೆಂಬುದನ್ನು ಮೊದಲೇ ತಿಳಿದಿರಬೇಕು. ಜೇನುಗೂಡಿನ ನಾಳಗಳು ವಠಾರದ ಮನೆಗಳ ಹಾಗೆ: ಒಂದರಿಂದ ಇನ್ನೊಂದಕ್ಕೆ ಬಾಗಿಲಿಲ್ಲ, ಗೋಡೆ ಮಾತ್ರ ಇಬ್ಬರಿಗೂ ಸೇರಿದ್ದು. ಅನಿಲ ಅಡ್ಡಕ್ಕೆ ಹರಿಯಲಾರದು. ನಡುವಿನ ಬಿಸಿ ಹೊರಗೆ ಬರಬೇಕಾದರೆ ಗೋಡೆಯಿಂದ ಗೋಡೆಗೆ ವಹನವಾಗಿಯೇ ಬರಬೇಕು. ಗುಳಿಗೆಗಳ ಹಾಸಿನಲ್ಲಿ ಹಾಗಲ್ಲ; ಅಲ್ಲಿ ಅನಿಲ ಗುಳಿಗೆಗಳನ್ನು ಸುತ್ತುವರಿದು ಅಡ್ಡಾದಿಡ್ಡಿಯಾಗಿ ಹರಿಯುವುದೇ ಬಿಸಿಯನ್ನು ಹೊರಕ್ಕೆ ತರುವ ಮುಖ್ಯ ಬಗೆ, ಆದ್ದರಿಂದ ಹರಿವಿನ ವೇಗ ಕಡಿಮೆ ಮಾಡಿದರೆ ತಂಪಾಗುವಿಕೆಯೂ ಕಡಿಮೆಯಾಗುತ್ತದೆ. ಜೇನುಗೂಡಿನ ಅಡ್ಡ ವಾಹಕತೆ ಹರಿವಿನ ವೇಗವನ್ನು ಅವಲಂಬಿಸಿಲ್ಲ. ಉತ್ಪಾದನೆ ಏರಿಳಿಯುವ ಕಾರ್ಖಾನೆಗೆ ಇದೊಂದೇ ಗುಣವೂ ದೊಡ್ಡದು ಎಂದು ನಾನು ಭಾವಿಸುತ್ತೇನೆ.

ಅಡ್ಡ ವಾಹಕತೆಯ ಲೆಕ್ಕ ಸರಳ. ಒಂದು ನಾಳ ಮತ್ತು ಅದರ ಪಾಲಿನ ಗೋಡೆಯನ್ನು ವಿದ್ಯುತ್ ಮಂಡಲದ ರೋಧಗಳಂತೆ ಕಲ್ಪಿಸಿಕೊಳ್ಳಿ. ಬಿಸಿ ಮೊದಲು ಅಡ್ಡಲಾಗಿ ನಿಂತ ಗೋಡೆಯ ದಪ್ಪವನ್ನು ದಾಟುತ್ತದೆ. ಆಮೇಲೆ ನಾಳದ ಅಗಲವನ್ನು ದಾಟುವಾಗ ಎರಡು ಸಮಾಂತರ ಹಾದಿಗಳಿವೆ, ಒಂದು ಪಕ್ಕದ ಗೋಡೆಯ ಉದ್ದಕ್ಕೆ, ಇನ್ನೊಂದು ಅನಿಲದ ಮೂಲಕ. ಇಟಲಿಯ ಮಿಲಾನ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಗ್ರೊಪ್ಪಿ ಮತ್ತು ಟ್ರೊಂಕೋನಿ ಅವರು 1990ರ ದಶಕದಿಂದ ಲೋಹದ ಜೇನುಗೂಡುಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಈ ಬಗೆಯ ಸೂತ್ರವನ್ನು ಬಳಸಿದ್ದಾರೆ. ಶೇ. 76ರಷ್ಟು ತೆರವಿರುವ ಜೇನುಗೂಡಿಗೆ ಇದನ್ನು ಅನ್ವಯಿಸಿದರೆ, ಅಡ್ಡ ವಾಹಕತೆಯು ಗೋಡೆಯ ವಸ್ತುವಿನ ವಾಹಕತೆಯ ಸುಮಾರು ಏಳನೇ ಒಂದು ಭಾಗವಾಗುತ್ತದೆ: ವಾಹಕತೆ 200 ವಾಟ್ ಇರುವ ಅಲ್ಯೂಮಿನಿಯಂನಿಂದ ಮಾಡಿದ್ದರೆ 29 ವಾಟ್. ಕಾರ್ಡಿಯರೈಟ್ ಆದರೆ, ಅನಿಲದ ನೆರವನ್ನೂ ಸೇರಿಸಿ, 0.27 ವಾಟ್.

ಈಗ ನಿಮ್ಮ ಕೊಳವೆಗೆ ಬನ್ನಿ. ಪ್ರತಿ ಲೀಟರ್ ಗಾತ್ರದಲ್ಲಿ 1 ಕಿಲೋವಾಟ್ ಬಿಸಿ ಎಲ್ಲೆಡೆ ಸಮನಾಗಿ ಹುಟ್ಟುತ್ತಿದೆ ಎಂದುಕೊಂಡರೆ, ಕೊಳವೆಯ ನಡುವಿಗೂ ಅಂಚಿಗೂ ಇರುವ ತಾಪಮಾನದ ವ್ಯತ್ಯಾಸ ಕಾರ್ಡಿಯರೈಟಿನಲ್ಲಿ ಸುಮಾರು 145 ಡಿಗ್ರಿ, ಅಲ್ಯೂಮಿನಿಯಂನಲ್ಲಿ 1.3 ಡಿಗ್ರಿ. ಇಲ್ಲಿಗೆ ನಿಲ್ಲಿಸಿದರೆ ಸಮಸ್ಯೆ ಬಗೆಹರಿದಂತೆ ಕಾಣುತ್ತದೆ. ಆದರೆ ಬಿಸಿ ಜೇನುಗೂಡಿನ ಅಂಚಿನಿಂದ ಕೊಳವೆಯ ಗೋಡೆಗೆ ಇನ್ನೂ ದಾಟಬೇಕಾಗಿದೆ. ಜೇನುಗೂಡನ್ನು ಕೊಳವೆಯೊಳಗೆ ಜಾರಿಸಿ ಕೂರಿಸಬೇಕಾದರೆ ಸುತ್ತಲೂ ತುಸು ಸಂದು ಬೇಕೇ ಬೇಕು. ಆ ಸಂದು ಕೇವಲ 0.1 ಮಿಲಿಮೀಟರ್ ಇದ್ದು ಅದರಲ್ಲಿ ಅನಿಲ ತುಂಬಿದ್ದರೆ, ವರ್ಗಾವಣೆಯ ಗುಣಾಂಕ 500 ವಾಟ್. ಮೇಲಿನ ಬಿಸಿಯೇ ಅದನ್ನು ದಾಟಲು 12 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಕಾಗುತ್ತದೆ. ಅಂದರೆ ಜೇನುಗೂಡಿನ ಇಡೀ ಒಡಲಿನಲ್ಲಿ ಆಗುವ ಇಳಿತಕ್ಕಿಂತ ಕೂದಲೆಳೆಯಷ್ಟು ಸಂದಿನಲ್ಲಿ ಆಗುವ ಇಳಿತ ಹತ್ತು ಪಟ್ಟು ಹೆಚ್ಚು. ಸಂದು ಎರಡರಷ್ಟಾದರೆ ಇಳಿತವೂ ಎರಡರಷ್ಟು.

ಆದ್ದರಿಂದ ಲೋಹದ ಜೇನುಗೂಡಿನ ಮಾದರಿ ಬರೆಯುವಾಗ ನಿಮ್ಮ ಶ್ರಮದ ಬಹುಭಾಗ ಈ ಸಂದಿಗೆ ಸಲ್ಲಬೇಕು. ಕೊಳವೆ ಉಕ್ಕಿನದಾಗಿದ್ದು ಜೇನುಗೂಡು ಅಲ್ಯೂಮಿನಿಯಂನದಾಗಿದ್ದರೆ, ಬಿಸಿಯಾದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗುವುದರಿಂದ ಸಂದು ತಾನಾಗಿ ಕಿರಿದಾಗುತ್ತದೆ. ಇದು ನಿಮಗೆ ಅನುಕೂಲ. ಆದರೆ ತಣ್ಣಗಿರುವಾಗಿನ ಸಂದನ್ನು ತೀರಾ ಬಿಗಿಯಾಗಿ ಇಟ್ಟರೆ ಜೇನುಗೂಡು ಕೊಳವೆಗೆ ಒತ್ತಿಕೊಂಡು ಅದರ ತೆಳುಗೋಡೆಗಳು ಬಾಗುತ್ತವೆ. ಹಾಗಾಗಿ ಸಂದನ್ನು ಒಂದು ಸ್ಥಿರ ಸಂಖ್ಯೆಯಾಗಿ ಬರೆಯದೆ, ಆಯಾ ಜಾಗದ ತಾಪಮಾನದೊಂದಿಗೆ ಬದಲಾಗುವ ಅಳತೆಯಾಗಿ ಬರೆಯಿರಿ. ಸಂದಿನ ಮೂಲಕ ಅನಿಲ ಕ್ರಿಯಾವರ್ಧಕವನ್ನು ಮುಟ್ಟದೆ ನುಸುಳಿ ಹೋಗುವುದನ್ನೂ ಲೆಕ್ಕಕ್ಕೆ ಸೇರಿಸಿ. ಜೇನುಗೂಡಿಗೆ ಬಳಿಯಬಹುದಾದ ಕ್ರಿಯಾವರ್ಧಕದ ಪ್ರಮಾಣ ಗುಳಿಗೆಗಳಿಗಿಂತ ಕಡಿಮೆ ಎಂಬುದನ್ನೂ ಮರೆಯುವಂತಿಲ್ಲ. ಇದನ್ನು ಸರಿದೂಗಿಸಲೆಂದೇ ಲೋಹದ ಜೇನುಗೂಡಿನ ನಾಳಗಳೊಳಗೆ ಸಣ್ಣ ಗುಳಿಗೆಗಳನ್ನು ತುಂಬುವ ಮಿಶ್ರ ವಿನ್ಯಾಸವನ್ನು ಮಿಲಾನಿನವರು ಪರೀಕ್ಷಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ ಅವರು ಬೆಳೆಸಿದ ದ್ರಾವಣ ದಹನ ವಿಧಾನವನ್ನು ಬಳಸಿ ಎಂ. ಎಸ್. ಹೆಗಡೆ ಅವರ ತಂಡ ಕಾರ್ಡಿಯರೈಟ್ ಜೇನುಗೂಡಿನ ಮೇಲೆ ಪಲ್ಲಾಡಿಯಂ ಸೇರಿದ ಸೀರಿಯಂ ಆಕ್ಸೈಡನ್ನು ಒಂದೇ ಹಂತದಲ್ಲಿ ಲೇಪಿಸಿ ತೋರಿಸಿದೆ. ಲೇಪದ ಬಗೆಯನ್ನು ಆರಿಸಿಕೊಳ್ಳುವಾಗ ಆ ಕೆಲಸವನ್ನೂ ಗಮನಿಸಿ.

ಪ್ರಶ್ನೆ: ನಾಳದೊಳಗೆ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿಯಂಥ ಉಪಕರಣ) ತೂರಿಸಿ ಅಳೆದ ತಾಪಮಾನವನ್ನು ಮಾದರಿಯ ಯಾವ ತಾಪಮಾನದೊಂದಿಗೆ ಹೋಲಿಸಬೇಕು, ಅನಿಲದ್ದೋ ಗೋಡೆಯದ್ದೋ?
(ಸುರತ್ಕಲ್‌ನ ಓದುಗರು)

ಉತ್ತರ: ನೇರವಾಗಿ ಎರಡರೊಂದಿಗೂ ಅಲ್ಲ. ನಾಳದ ಬಾಯಿಯೇ 1.1 ಮಿಲಿಮೀಟರ್ ಇರುವಾಗ ಅರ್ಧ ಮಿಲಿಮೀಟರ್ ದಪ್ಪದ ಥರ್ಮೋಕಪಲ್ ಹೋದರೂ ಆ ನಾಳದಲ್ಲಿ ಹರಿವು ಬಹಳ ಕುಗ್ಗುತ್ತದೆ. ಹರಿವು ಕುಗ್ಗಿದ ನಾಳದಲ್ಲಿ ಉಪಕರಣದ ತುದಿ ತೋರಿಸುವುದು ಹೆಚ್ಚಾಗಿ ಸುತ್ತಲಿನ ಗೋಡೆಯ ತಾಪಮಾನವನ್ನು. ಹಿಂಭಾಗದಿಂದ ತೂರಿಸಿ, ನಾಳದ ಬಾಯನ್ನು ಶಾಖ ತಡೆಯುವ ಸಿಮೆಂಟಿನಿಂದ ಪೂರ್ತಿ ಮುಚ್ಚಿಬಿಟ್ಟರೆ, ಅಳತೆ ನಿಸ್ಸಂದೇಹವಾಗಿ ಗೋಡೆಯದ್ದಾಗುತ್ತದೆ. ಆಗ ಅದನ್ನು ಮಾದರಿಯ ಗೋಡೆಯ ತಾಪಮಾನದೊಂದಿಗೆ ಹೋಲಿಸಬಹುದು. ಆದರೆ ಮುಚ್ಚಿದ ಆ ನಾಳದಲ್ಲಿ ಕ್ರಿಯೆಯೂ ನಿಂತಿರುತ್ತದೆ. ಕಾರ್ಡಿಯರೈಟಿನಂಥ ದುರ್ಬಲ ವಾಹಕದಲ್ಲಿ, ಮುಂಭಾಗದ ತೀವ್ರ ಕ್ರಿಯೆಯ ವಲಯದಲ್ಲಿ, ನಿಮ್ಮ ಅಳತೆ ನೆರೆಯ ನಾಳಗಳ ಗೋಡೆಗಿಂತ ತುಸು ಕಡಿಮೆ ಬರುವ ಸಾಧ್ಯತೆಯಿದೆ. ಆ ಒಂದು ನಾಳದಲ್ಲಿ ಕ್ರಿಯೆಯನ್ನೂ ಹರಿವನ್ನೂ ಸೊನ್ನೆಯಾಗಿಸಿ, ಸುತ್ತಲಿನ ಎಂಟು ನಾಳಗಳೊಂದಿಗೆ ಸೇರಿಸಿ ಬಿಡಿಸಿದ ಚಿಕ್ಕ ಲೆಕ್ಕವೊಂದರಿಂದ ಈ ತಿದ್ದುಪಡಿಯ ಪ್ರಮಾಣವನ್ನು ಪಡೆಯಬಹುದು. ಹೊರಹೋಗುವ ಅನಿಲದ ತಾಪಮಾನ ಬೇಕಿದ್ದರೆ ಮೊನೊಲಿತ್‌ನ ಹಿಂದೆ, ನಾಳಗಳಿಂದ ಕೆಲವು ಮಿಲಿಮೀಟರ್ ದೂರದಲ್ಲಿ, ಬೇರೆಯೇ ಥರ್ಮೋಕಪಲ್ ಇಡಿ ಮತ್ತು ಅದು ಬಿಸಿ ಗೋಡೆಗಳ ವಿಕಿರಣವನ್ನು ನೇರವಾಗಿ ಹೀರದಂತೆ ತೆಳುವಾದ ಲೋಹದ ಕವಚವನ್ನು ತೊಡಿಸಿ.